ಎಲ್ಲದಕ್ಕೂ ‘ನೋಡು’ ಎಂದರೆ ಸಾಕೇ?

ಮಾನ್ಯ ಸಂಪಾದಕರೇ,

ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾಗಿ ಉಡುಪಿಯಲ್ಲಿ ನೆಲೆಸಿರುವ ನನ್ನ ಬಳಿಗೆ ನೆರೆಮನೆಗಳ ಮಕ್ಕಳು ಸಂಜೆಯ ಹೊತ್ತು ಪುಸ್ತಕ ಹಿಡಿದುಕೊಂಡು ಬರುವುದುಂಟು. ಕಳೆದ ವಾರ ಹಾಗೆ ಬಂದ ಕನ್ನಡ ಮಾಧ್ಯಮದ ಹುಡುಗನೊಬ್ಬ, ತಾನು ಗುರುಗಳನ್ನು ಭಕ್ತಿಯಿಂದ ‘ಸ್ಟೇರ್’ ಮಾಡಿದೆನೆಂದು ಇಂಗ್ಲಿಷಿನಲ್ಲಿ ವಾಕ್ಯ ರಚಿಸಿ ತೋರಿಸಿದ. ನಗು ಬಂದರೂ ತಪ್ಪು ಅವನದಲ್ಲ. ಅವನ ಕೈಯಲ್ಲಿದ್ದ ಗೈಡಿನ ಪದಪಟ್ಟಿಯಲ್ಲಿ ಲುಕ್, ಸೀ, ವಾಚ್, ಸ್ಟೇರ್, ಗೇಜ್, ಗ್ಲೇರ್ ಈ ಆರು ಪದಗಳಿಗೂ ‘ನೋಡು’ ಎಂಬ ಒಂದೇ ಅರ್ಥವಿತ್ತು. ಗ್ಲಾನ್ಸ್ ಮತ್ತು ಗ್ಲಿಂಪ್ಸ್ ಎರಡಕ್ಕೂ ‘ಒಮ್ಮೆ ನೋಡು’ ಎಂದೂ, ಪೀಪ್ ಎಂಬುದಕ್ಕೆ ‘ಕಿಂಡಿಯಿಂದ ನೋಡು’ ಎಂದೂ ಅಚ್ಚಾಗಿತ್ತು. ಇಂಗ್ಲಿಷಿನಲ್ಲಿ ನೋಟಕ್ಕೆ ಹತ್ತಾರು ಪದಗಳಿವೆ, ಕನ್ನಡದಲ್ಲಿ ಇರುವುದು ಒಂದೇ, ಏನು ಮಾಡಲಿಕ್ಕಾಗುತ್ತದೆ ಎಂಬ ಮಾತನ್ನು ಅಧ್ಯಾಪಕರ ಕೊಠಡಿಯಲ್ಲಿ ನಾನು ವರ್ಷಾನುಗಟ್ಟಲೆ ಕೇಳಿದ್ದೇನೆ. ಆ ಮಾತು ನಿಜವಲ್ಲವೆಂದು ಹೇಳುವುದಕ್ಕಾಗಿ ಈ ಪತ್ರ.

ಮೊದಲಿಗೆ ಲುಕ್ ಮತ್ತು ಸೀ. ಕಣ್ಣನ್ನು ಒಂದು ಕಡೆಗೆ ತಿರುಗಿಸುವುದು ಲುಕ್. ವಸ್ತು ಕಣ್ಣಿಗೆ ಒದಗಿಬರುವುದು ಸೀ. ‘ಎಷ್ಟು ನೋಡಿದರೂ ಕಾಣಲಿಲ್ಲ’ ಎಂದು ದಿನಕ್ಕೆ ಹತ್ತು ಸಲ ಹೇಳುವ ನಮಗೆ ಈ ವ್ಯತ್ಯಾಸವನ್ನು ಯಾರೂ ಹೊರಗಿನಿಂದ ಕಲಿಸಬೇಕಾಗಿಲ್ಲ. ತುಳು ಮನೆಮಾತಿನ ಮಗುವಿಗೂ ‘ತೂಪಿನಿ’ (ನೋಡುವುದು) ಬೇರೆ, ‘ತೋಜುನಿ’ (ಕಾಣಿಸುವುದು) ಬೇರೆ ಎಂಬುದು ತಿಳಿದೇ ಇರುತ್ತದೆ. (ಕುಂದಾಪುರದ ಕಡೆಯ ಮಕ್ಕಳಿಗೆ ಕಲಿಸುವಾಗ ಮಾತ್ರ ಸ್ವಲ್ಪ ಎಚ್ಚರ ಬೇಕು, ಏಕೆಂದರೆ ಅಲ್ಲಿ ‘ಇಲ್ಲಿ ನೋಡಿ’ ಎನ್ನಬೇಕಾದಲ್ಲಿಯೂ ‘ಕಾಣಿ’ ಎಂದೇ ಹೇಳುವುದು.)

ವಾಚ್ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲಿ ಸಿಗುವಷ್ಟು ಒಳ್ಳೆಯ ಉದಾಹರಣೆ ಇಂಗ್ಲೆಂಡಿನಲ್ಲಿಯೂ ಸಿಗಲಿಕ್ಕಿಲ್ಲ. ಆ ಪದ ಹುಟ್ಟಿದ್ದು ಎಚ್ಚರವಾಗಿರುವುದು, ನಿದ್ದೆಗೆಟ್ಟು ಕಾಯುವುದು ಎಂಬ ಅರ್ಥದಲ್ಲಿ. ವಾಚ್‌ಮನ್ ಎಂಬಲ್ಲಿ ಆ ಅರ್ಥ ಇಂದಿಗೂ ಉಳಿದಿದೆ. ನಡೆಯುತ್ತಿರುವುದರ ಮೇಲೆ, ಮುಂದೇನಾಗುವುದೆಂದು ಕಾಯುತ್ತ, ಕಣ್ಣಿಟ್ಟಿರುವುದೇ ವಾಚ್. ರಾತ್ರಿಯಿಂದ ಬೆಳಗಿನವರೆಗೆ ಗದ್ದೆಯ ಚಾಪೆಯ ಮೇಲೆ ಕುಳಿತು ಯಕ್ಷಗಾನದ ಆಟ ನೋಡಿದವರು ಆ ಪದದ ಹಳೆಯ ಅರ್ಥವನ್ನೂ ಹೊಸ ಅರ್ಥವನ್ನೂ ಒಟ್ಟಿಗೇ ಅನುಭವಿಸಿದವರು. ಆ ಆಟದಲ್ಲಿ ತೆರೆಯ ಮೇಲಿನಿಂದ ಬಣ್ಣದ ವೇಷ, ಅಂದರೆ ರಾಕ್ಷಸನ ಪಾತ್ರ, ಕಣ್ಣರಳಿಸಿ ಸಭೆಯತ್ತ ಬೀರುವ ನೋಟ ಗ್ಲೇರ್. ಕಣ್ಣು ಕುಕ್ಕುವ ಪ್ರಖರ ಬೆಳಕಿಗೂ ಇಂಗ್ಲಿಷಿನಲ್ಲಿ ಅದೇ ಪದ. ಕನ್ನಡದಲ್ಲಿ ಕೆಕ್ಕರಿಸಿ ನೋಡುವುದು, ದುರುಗುಟ್ಟುವುದು. ಮುಂದಿನ ಸಾಲಿನಲ್ಲಿ ಕುಳಿತ ಮಗು ಎವೆಯಿಕ್ಕದೆ, ಮೈಮರೆತು ಆ ಕಿರೀಟವನ್ನೇ ನೋಡುತ್ತಿದ್ದರೆ ಅದು ಗೇಜ್. ಬೆರಗು, ಪ್ರೀತಿ, ಯೋಚನೆ ಇಂಥದ್ದೇನಾದರೂ ಜೊತೆಗಿದ್ದಾಗ ಆ ಪದ ಒಪ್ಪುತ್ತದೆ. ಅಪರಿಚಿತರನ್ನು ಹಾಗೆಯೇ ನೋಡುತ್ತ ನಿಂತರೆ ಅದು ಸ್ಟೇರ್ ಆಗಿ, ಅಸಭ್ಯವೆನಿಸುತ್ತದೆ. ಈ ಸ್ಟೇರ್ ಎಂಬುದರ ಬೇರಿನಲ್ಲಿ ಸೆಟೆದು ನಿಂತದ್ದು ಎಂಬ ಅರ್ಥವಿದೆ; ‘ನೆಟ್ಟ ನೋಟ’ ಎಂದು ಕನ್ನಡ ಕಂಡುಕೊಂಡದ್ದೂ ಅದನ್ನೇ.

ಗ್ಲಾನ್ಸ್ ಮತ್ತು ಗ್ಲಿಂಪ್ಸ್ ಎರಡನ್ನೂ ಒಂದೇ ತಕ್ಕಡಿಗೆ ಹಾಕಿದ್ದು ನನಗೆ ಹೆಚ್ಚು ನೋವುಂಟುಮಾಡಿತು. ಉಡುಪಿಯಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋಗುವಾಗ ಕೈಗಡಿಯಾರದ ಮೇಲೆ ಕಣ್ಣು ಹಾಯಿಸುತ್ತೇವೆ. ಅದು ಬೇಕೆಂದೇ ಮಾಡಿದ ಕೆಲಸ, ಆದ್ದರಿಂದ ಗ್ಲಾನ್ಸ್. ಕೂಳೂರು ಸೇತುವೆಯ ಮೇಲೆ ಕಿಟಕಿಯಾಚೆ ಫಲ್ಗುಣಿ ನದಿ ಒಂದು ಕ್ಷಣ ಕಣ್ಣಿಗೆ ಬಿದ್ದು ಮರೆಯಾಗುತ್ತದೆ. ಅದು ಗ್ಲಿಂಪ್ಸ್, ನಾವು ಮಾಡಿದ್ದಲ್ಲ, ನಮಗೆ ಸಿಕ್ಕಿದ್ದು. ‘ಕಣ್ಣು ಹಾಯಿಸು’, ‘ಕಣ್ಣಿಗೆ ಬೀಳು’ ಎಂದು ಎರಡು ಸರಳ ನುಡಿಗಟ್ಟುಗಳನ್ನು ಕೊಟ್ಟಿದ್ದರೆ ವಿವರಣೆಯ ಅಗತ್ಯವೇ ಇರುತ್ತಿರಲಿಲ್ಲ.

ಇನ್ನು ಪೀಪ್. ಕಿಂಡಿಯಿಂದ ನೋಡುವುದೆಲ್ಲ ಪೀಪ್ ಆದರೆ, ಕನಕನ ಕಿಂಡಿಯ ಮುಂದೆ ಕೈಮುಗಿದು ನಿಲ್ಲುವವರನ್ನೂ, ಒಳಗೆ ಒಂಬತ್ತು ರಂಧ್ರಗಳ ನವಗ್ರಹ ಕಿಂಡಿಯ ಮೂಲಕ ಕೃಷ್ಣನನ್ನು ಕಾಣುವವರನ್ನೂ ನಮ್ಮೂರಿನ ಮಗು ಏನೆಂದು ವರ್ಣಿಸಬೇಕು? ಪೀಪ್ ಎಂಬುದರಲ್ಲಿ ಕದ್ದು ಇಣುಕುವ ಭಾವವಿದೆ. ಕಿಂಡಿ ಇರಲೇಬೇಕೆಂದಿಲ್ಲ, ಬಾಗಿಲ ಮರೆಯೂ ಸಾಕು. ಕೃಷ್ಣಮಠದಲ್ಲಿ ನಡೆಯುವುದು ದರ್ಶನ. ಅದಕ್ಕೆ ತಕ್ಕ ಪದ ತಮ್ಮಲ್ಲಿಲ್ಲದೆ ಇಂಗ್ಲಿಷ್ ನಿಘಂಟುಗಳು ನಮ್ಮ ‘ದರ್ಶನ’ವನ್ನೇ ಸೇರಿಸಿಕೊಂಡಿವೆ.

ಎರಡು ಭಾಷೆಗಳೂ ಈ ವಿಷಯದಲ್ಲಿ ಬೇರೆ ಬೇರೆ ದಾರಿ ಹಿಡಿದಿವೆಯೆಂಬುದನ್ನು ಒಪ್ಪುತ್ತೇನೆ. ಇಂಗ್ಲಿಷ್ ನೋಟದ ರೀತಿಯನ್ನು ಕ್ರಿಯಾಪದದೊಳಗೇ ಅಡಗಿಸಿಡುತ್ತದೆ; ಕನ್ನಡದಲ್ಲಿ ದಿಟ್ಟಿಸು, ಇಣುಕು ಮುಂತಾದ ಬಿಡಿ ಪದಗಳಿದ್ದರೂ, ಹೆಚ್ಚಾಗಿ ‘ನೋಡು’ ಎಂಬುದರ ಪಕ್ಕದಲ್ಲಿ ಇನ್ನೊಂದು ಮಾತನ್ನು ಕೂರಿಸುತ್ತೇವೆ. ಸಂಸ್ಕೃತದಿಂದ ಬಂದ ಪರೀಕ್ಷೆ, ಸಮೀಕ್ಷೆ, ನಿರೀಕ್ಷೆ, ಉಪೇಕ್ಷೆ ಎಲ್ಲವೂ ನೋಡು ಎಂಬರ್ಥದ ‘ಈಕ್ಷ್’ ಧಾತುವಿನವೇ. ನಿರೀಕ್ಷೆಯ ಇಂಗ್ಲಿಷ್ ಸಮಾನಪದವಾದ ಎಕ್ಸ್‌ಪೆಕ್ಟ್ ಕೂಡ ಲ್ಯಾಟಿನ್ನಿನಲ್ಲಿ ‘ಹೊರಗೆ ನೋಡು’ ಎಂಬುದರಿಂದಲೇ ಬಂದದ್ದು.

ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದದ್ದು. ಅಂಥ ಕೆಲಸ ನಡೆದ ಕರಾವಳಿಯಲ್ಲಿ ಮಕ್ಕಳಿಗೆ ಇಷ್ಟು ಅಗ್ಗದ ಪದಪಟ್ಟಿಯನ್ನು ಮಾರುವುದು ಸರಿಯೆನಿಸುವುದಿಲ್ಲ. ಮುಂದಿನ ಜೂನ್‌ಗೆ ಹೊಸ ಪ್ರತಿಗಳನ್ನು ಅಚ್ಚು ಹಾಕಿಸುವ ಗೈಡ್ ಪ್ರಕಾಶಕರು ಪ್ರತಿ ಪದಕ್ಕೂ ಒಂದೊಂದು ಕನ್ನಡ ನುಡಿಗಟ್ಟನ್ನೂ ಒಂದು ಚಿಕ್ಕ ವಾಕ್ಯವನ್ನೂ ಸೇರಿಸಬೇಕೆಂದು ವಿನಂತಿಸುತ್ತೇನೆ. ಜಾಗವಿಲ್ಲದಿದ್ದರೆ ‘ಸ್ಟೇರ್’ ಒಂದರ ಮುಂದಾದರೂ ‘ದಿಟ್ಟಿಸು, ಹಿರಿಯರನ್ನು ಹೀಗೆ ನೋಡಬಾರದು’ ಎಂದು ಹಾಕಲಿ.

ಇತಿ,
ನಿವೃತ್ತ ಇಂಗ್ಲಿಷ್ ಅಧ್ಯಾಪಕ, ಉಡುಪಿ