ಶನಿವಾರ ಸ್ಕ್ರೀನ್ ತೊಳೆಯೋಣ

ಎಲ್ಲರಿಗೂ ನಮಸ್ಕಾರ. ಈ ಶನಿವಾರ ಬೆಳಿಗ್ಗೆ 10ಕ್ಕೆ ಸ್ಕ್ರೀನ್ ಪ್ರಿಂಟಿಂಗ್‌ನ ಹಳೆ ಸ್ಕ್ರೀನ್‌ಗಳನ್ನೆಲ್ಲ ತೊಳೆದು ಮತ್ತೆ ಬಳಕೆಗೆ ತರೋಣ. ಪ್ರಿಂಟ್ ಮಾಡುವವರೆಲ್ಲ ಶುಕ್ರವಾರ ಸಂಜೆಯೊಳಗೆ ಇಂಕ್ ಪೂರ್ತಿ ಒರೆಸಿ, ಟೇಪ್ ಕಿತ್ತು, ಸಿಂಕ್ ಪಕ್ಕ ಇಡಿ. ಡಿಸೈನ್ ಇನ್ನೂ ಬೇಕಿದ್ದರೆ ಫ್ರೇಮ್ ಮೇಲೆ ‘ಅಳಿಸಬೇಡಿ’ ಅಂತ ಬರೆದಿಡಿ.

ಎಮಲ್ಷನ್ (ಡಿಸೈನ್ ಮೂಡಿಸಲು ಫ್ರೇಮ್‌ನ ಮೆಶ್‌ಗೆ, ಅಂದರೆ ಬಲೆಬಟ್ಟೆಗೆ, ಬಳಿದ ಪದರ) ತೆಗೆಯುವ ರಿಮೂವರ್ ಹಚ್ಚಿದ ಮೇಲೆ ದಯವಿಟ್ಟು ಒಣಗಲು ಬಿಡಬೇಡಿ. ಒಣಗಿತೋ, ಎಮಲ್ಷನ್ ಮೆಶ್‌ಗೆ ಕಚ್ಚಿಕೊಳ್ಳುತ್ತೆ, ಆಮೇಲೆ ಎಷ್ಟು ಉಜ್ಜಿದರೂ ಬರಲ್ಲ. ಹೋದ ಸಲ ಒಂದು ಒಳ್ಳೆ ಸ್ಕ್ರೀನ್ ಹೀಗೇ ಹಾಳಾಯಿತು, ತುಂಬಾ ಬೇಜಾರಾಯಿತು. ಎರಡೂ ಬದಿ ಹಚ್ಚಿ, ಮೆತ್ತಗಾಗಿ ಜಾರತೊಡಗಿದ ಕೂಡಲೇ ಜೋರಾಗಿ ನೀರು ಬಿಡಿ. ಬೆಳಕಿಗೆ ಹಿಡಿದು ನೋಡಿ. ತೂತುಗಳೆಲ್ಲ ತೆರೆದಿದ್ದರೆ ತೆಳು ಕಲೆ ಉಳಿದರೂ ಪರವಾಗಿಲ್ಲ.

ಗ್ಲೌಸ್, ಕನ್ನಡಕ ಕಡ್ಡಾಯ. ಯಾರ್ಯಾರು ಬರ್ತೀರಿ, ಗುರುವಾರದೊಳಗೆ ಇಲ್ಲೇ ತಿಳಿಸಿ.