ರಿಪೋರ್ಟಿನ ಹೊಸ ಹೆಸರಿಗೆ ಅಂಜಬೇಡ

ಚಿ. ರಘುವಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಪತ್ರದ ಒಂದು ಮಾತು ನನ್ನನ್ನು ಬಿಡುತ್ತಿಲ್ಲ. ಲಿವರಿನಲ್ಲಿ ಕೊಬ್ಬು ಸೇರಿದೆ ಎಂಬ ಹಳೆಯ ರಿಪೋರ್ಟಿನಲ್ಲಿ ‘ನಾನ್ ಆಲ್ಕೊಹಾಲಿಕ್’ ಎಂದಿತ್ತು, ಹೊಸದರಲ್ಲಿ ಆ ಪದವೇ ಇಲ್ಲ, ನೋಡಿದವರು ಕುಡುಕ ಎಂದುಕೊಂಡರೆ ಗತಿಯೇನು, ಇನ್ನು ಆ ಡಾಕ್ಟರ ಬಳಿ ಹೋಗುವುದೇ ಬೇಡ ಎಂದು ಬರೆದಿದ್ದೀಯ. ಹಾಗೆನ್ನಬೇಡ ಮಗೂ.

ಹೆಸರು ಬದಲಾದ ಮಾತ್ರಕ್ಕೆ ಕಾಯಿಲೆ ಹೆಚ್ಚಾಯಿತು ಎಂದಲ್ಲ. 2023ರಲ್ಲಿ ಅಮೆರಿಕ, ಯುರೋಪ್, ಲ್ಯಾಟಿನ್ ಅಮೆರಿಕದ ಲಿವರ್ ತಜ್ಞರ ಸಂಘಗಳು ಸೇರಿ ಎನ್‌ಎಎಫ್‌ಎಲ್‌ಡಿ, ಅಂದರೆ ‘ನಾನ್ ಆಲ್ಕೊಹಾಲಿಕ್ ಫ್ಯಾಟಿ ಲಿವರ್’ ಕಾಯಿಲೆಯನ್ನು ಎಂಎಎಸ್‌ಎಲ್‌ಡಿ ಎಂದು ಕರೆದವು; ಸಕ್ಕರೆ, ಬೊಜ್ಜಿನಂಥ ಏರುಪೇರಿನ ಜೊತೆಗೆ ಕಾಣುವ ಲಿವರಿನ ಕೊಬ್ಬು ಎಂದು ಅದರ ಅರ್ಥ. ರೋಗಿಗೆ ಅವಮಾನವಾಗಬಾರದು ಎಂಬುದೂ ಅದಕ್ಕೊಂದು ಕಾರಣ. ಹಳೆಯ ಹೆಸರು ಕುಡಿತದಿಂದ ಬಂದದ್ದಲ್ಲ ಎಂದು ಹೇಳಿ ಸುಮ್ಮನಾಗುತ್ತಿತ್ತು. ಈಗ ಲಿವರಿನ ಕೊಬ್ಬಿನ ಜೊತೆಗೆ ತೂಕ ಅಥವಾ ಸೊಂಟದ ಸುತ್ತಳತೆ, ಸಕ್ಕರೆ, ಬಿಪಿ, ಟ್ರೈಗ್ಲಿಸರೈಡ್, ಒಳ್ಳೆಯ ಕೊಲೆಸ್ಟರಾಲ್, ಇವುಗಳಲ್ಲಿ ಒಂದಾದರೂ ಹದ ತಪ್ಪಿದೆಯೇ ಎಂದು ನೋಡಿಯೇ ಆ ಹೆಸರು ಬರೆಯುತ್ತಾರೆ. ನಮ್ಮಂಥ ಏಷ್ಯಾದವರಿಗೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕವಾದ ಬಿಎಂಐ 23 ಮುಟ್ಟಿದರೂ ಲೆಕ್ಕಕ್ಕೆ ಬರುತ್ತದೆ.

ನಿನ್ನ ಮಾವನ ಕೊನೆಯ ವರ್ಷ ನಿನಗೆ ಗೊತ್ತು, ಅದನ್ನು ಬರೆಯುವುದಿಲ್ಲ. ಅದಕ್ಕೆ ಬಹಳ ಮೊದಲೇ ಸ್ಕ್ಯಾನಿನಲ್ಲಿ ಕೊಬ್ಬು ಕಂಡಿತ್ತು. ಡಾಕ್ಟರು ನನ್ನೆದುರಿಗೇ “ದಿನಕ್ಕೆ ಎಷ್ಟು ಹಾಕುತ್ತೀರಿ?” ಎಂದರು. ಮುಟ್ಟಿಯೇ ಇಲ್ಲ ಎಂದರೆ, “ಎಲ್ಲರೂ ಹೀಗೇ ಹೇಳುವುದು” ಎಂದು ನಕ್ಕರು. ಇವರು ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ಆ ಚೀಟಿಯನ್ನು ಬೀರುವಿನಲ್ಲಿ ಹಾಸಿದ್ದ ಪೇಪರಿನ ಕೆಳಗೆ ಸೇರಿಸಿಬಿಟ್ಟಿದ್ದರು. ನನಗೆ ಸಿಕ್ಕಿದ್ದು ಅವರು ಹೋದ ಮೇಲೆ. ಸಕ್ಕರೆ ಕಾಯಿಲೆಗೆ ಬೇರೆ ಕಡೆ ಮಾತ್ರೆ ತರುತ್ತಿದ್ದರು. ಅದಕ್ಕೂ ಲಿವರಿಗೂ ನಂಟಿದೆ ಎಂದು ನಮಗೆ ಯಾರೂ ಹೇಳಲಿಲ್ಲ. ಆ ಸಂಕಟ ಇಂದಿಗೂ ಆರಿಲ್ಲ. ಅದಕ್ಕೇ ನಿನ್ನ ಮಾತು ಓದಿ ಕೈಕಾಲು ಆಡಲಿಲ್ಲ.

ಕುಡಿತದ ಪ್ರಶ್ನೆ ಈಗಲೂ ಕೇಳುತ್ತಾರೆ, ಕೇಳಲೇಬೇಕು. ಸಕ್ಕರೆ, ಬೊಜ್ಜಿನ ಜೊತೆಗೆ ಮಿತಿಗಿಂತ ಒಂದಿಷ್ಟು ಹೆಚ್ಚು ಕುಡಿಯುವವರಿಗೆ ಮೆಟ್‌ಎಎಲ್‌ಡಿ ಎಂದು ಬೇರೆಯೇ ಹೆಸರಿಟ್ಟಿದ್ದಾರೆ. ಹಾಗಾಗಿ ನಿನ್ನ ಚೀಟಿಯಲ್ಲಿ ಎಂಎಎಸ್‌ಎಲ್‌ಡಿ ಎಂದಿದ್ದರೆ ನಿನ್ನನ್ನು ಆ ಸಾಲಿಗೆ ಸೇರಿಸಿಲ್ಲ ಎಂದೇ ತಿಳಿ. ಬೀಗರ ಮನೆಯವರು ಕೇಳಿದರೂ ಇಷ್ಟೇ ಹೇಳು.

ನಾನು ಡಾಕ್ಟರಳಲ್ಲ, ಲ್ಯಾಬಿನಲ್ಲಿ ರಕ್ತ ನೋಡುತ್ತಿದ್ದವಳು. ಆದರೂ ಕೇಳು: ವಯಸ್ಸು, ರಕ್ತಪರೀಕ್ಷೆಯಲ್ಲಿ ಬರುವ ಲಿವರಿನ ಕಿಣ್ವಗಳಾದ ಎಸ್‌ಜಿಒಟಿ, ಎಸ್‌ಜಿಪಿಟಿ, ಜೊತೆಗೆ ಪ್ಲೇಟ್‌ಲೆಟ್ ಎಣಿಕೆ ಇಟ್ಟುಕೊಂಡು ಫಿಬ್-4 ಎಂದು ಲೆಕ್ಕ ಹಾಕುತ್ತಾರೆ. 1.3ರ ಒಳಗಿದ್ದರೆ ಸಾಮಾನ್ಯವಾಗಿ ಲಿವರಿನಲ್ಲಿ ಹೆಚ್ಚು ಕಲೆಗಟ್ಟಿಲ್ಲ ಎಂದು ಸಮಾಧಾನಪಡಬಹುದು. ಮೀರಿದ್ದರೆ ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಬೇಕಾಗಬಹುದು; ಅದರಲ್ಲಿ ಸೂಜಿ ಚುಚ್ಚುವುದಿಲ್ಲ. ತೂಕದಲ್ಲಿ ನೂರಕ್ಕೆ ಐದರಷ್ಟು ಇಳಿದರೂ ಲಿವರಿನ ಕೊಬ್ಬು ತಗ್ಗುತ್ತದೆ. ಆ ಬಾಟಲಿ ಜ್ಯೂಸ್ ಬಿಡು ಎಂದರೆ ಬೇಸರ ಮಾಡಿಕೊಳ್ಳಬೇಡ.

ಸಕ್ಕರೆ ನೋಡುವ ಡಾಕ್ಟರಿಗೂ ಈ ಚೀಟಿ ತೋರಿಸು, ಮುಚ್ಚಿಡಬೇಡ. ಒಬ್ಬನೇ ಹೋಗಲು ಸಂಕೋಚವಾದರೆ ದಿನ ತಿಳಿಸು, ನಾನೂ ಬರುತ್ತೇನೆ. ಒಳಗೆ ಬೇಡವೆಂದರೆ ಹೊರಗಿನ ಬೆಂಚಿನಲ್ಲಿ ಕುಳಿತಿರುತ್ತೇನೆ.

ಇತಿ,
ನಿನ್ನ ಅತ್ತೆ