ಭಾನುವಾರದ ಓದು: 17ರಿಂದ 21ನೇ ಅಧ್ಯಾಯ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕಾದಂಬರಿಯ ಕೋರ್ಟ್ ಭಾಗದ ಬಗ್ಗೆ ಮಾತಾಡೋಣ. ಸಿನಿಮಾ ನೋಡಿದ್ದೇವೆ ಅಂತ ಓದದೆ ಬರಬೇಡಿ, ದಯವಿಟ್ಟು.

ಬಿಳಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ಮಾಡಿದ ಆರೋಪ ಹೊತ್ತ ಕಪ್ಪು ಮನುಷ್ಯ ಟಾಮ್ ರಾಬಿನ್‌ಸನ್‌ನ ಎಡಗೈ ಗಮನಿಸಿ. ಚಿಕ್ಕವನಿದ್ದಾಗ ಹತ್ತಿ ಬಿಡಿಸುವ ಯಂತ್ರಕ್ಕೆ ಸಿಕ್ಕಿ ಆ ಕೈ ಸ್ವಾಧೀನ ಕಳೆದುಕೊಂಡಿದೆ. ಪ್ರಮಾಣ ಮಾಡಲು ಬೈಬಲ್ ಮೇಲಿಟ್ಟರೆ ಜಾರಿ ಬೀಳುತ್ತದೆ. ಹುಡುಗಿಗೆ ಪೆಟ್ಟು ಬಿದ್ದಿರುವುದು ಮುಖದ ಬಲಭಾಗಕ್ಕೆ. ಅವಳ ಅಪ್ಪ ಎಡಚ. ಇಷ್ಟೆಲ್ಲ ಕಣ್ಣೆದುರಿಗೇ ಇದ್ದರೂ ಬಿಳಿಯರ ಜ್ಯೂರಿ (ತೀರ್ಪು ಕೊಡುವ ಸಾಮಾನ್ಯ ನಾಗರಿಕರ ತಂಡ) ಟಾಮ್‌ನನ್ನೇ ಅಪರಾಧಿ ಅನ್ನುತ್ತದೆ. ಓದುವಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಇದು ಸುಮ್ನೆ ಕಟ್ಟಿದ ಕಥೆ ಅಲ್ಲ. 1931ರಲ್ಲಿ, ಈ ಕಾದಂಬರಿ ನಡೆಯುವ ಅಮೆರಿಕದ ಅದೇ ಅಲಬಾಮಾ ರಾಜ್ಯದ ಸ್ಕಾಟ್ಸ್‌ಬೊರೊ ಊರಲ್ಲಿ ಒಂಬತ್ತು ಕಪ್ಪು ಹುಡುಗರ ಮೇಲೆ ಸುಳ್ಳು ಅತ್ಯಾಚಾರದ ಆರೋಪ ಹೊರಿಸಿದರು. ಕೆಲವೇ ದಿನಗಳಲ್ಲಿ ಎಂಟು ಮಂದಿಗೆ ಮರಣದಂಡನೆ ವಿಧಿಸಿದರು! ಕಪ್ಪು ಜನರನ್ನು ಜ್ಯೂರಿಯಿಂದ ಹೊರಗಿಟ್ಟದ್ದು ತಪ್ಪು ಅಂತ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು 1935ರಲ್ಲಿ.

ಆ ಹುಡುಗಿಯನ್ನು ನೋಡಿ ಪಾಪ ಅನ್ನಿಸಿತು ಅಂತ ಟಾಮ್ ಹೇಳಿದ್ದೇ ತಡ, ಸರ್ಕಾರಿ ವಕೀಲ ಆ ಮಾತನ್ನೇ ಹಿಡಿದುಕೊಳ್ಳುತ್ತಾನೆ. ಕಪ್ಪು ಮನುಷ್ಯನ ಕನಿಕರ ಬಿಳಿಯರಿಗೆ ಯಾಕೆ ಅಷ್ಟು ಚುಚ್ಚಿತು? ಇದನ್ನು ಯೋಚಿಸಿಕೊಂಡು ಬನ್ನಿ. ಟಾಮ್ ಪರ ವಾದಿಸುವ ಬಿಳಿ ವಕೀಲ ಅಟಿಕಸ್‌ಗೆ ಜಾಸ್ತಿ ಜಾಗ ಸಿಕ್ಕಿ, ಟಾಮ್‌ನ ಮನೆ, ಹೆಂಡತಿ, ಮಕ್ಕಳು ಮೂಲೆಗೆ ಸರಿದಿದ್ದಾರೆ ಅನ್ನುವುದು ನನ್ನ ತಕರಾರು. ಒಪ್ಪದವರು ಭಾನುವಾರ ಖಂಡಿತ ವಾದ ಮಾಡಿ.